ಉಪ್ಪು ಬಿಟ್ಟ ಬಾಣಸಿಗ

ಕಾರ್ಖಾನೆಯ ಕ್ಯಾಂಟೀನಿನ ಈ ಬಾಣಸಿಗನ ಅಜ್ಜ, ಸಾವಿರ ಜನರ ಅಡುಗೆಗೆ ಉಪ್ಪು ಹಿಡಿದಿದೆಯೇ ಎಂದು ಒಂದೇ ತೊಟ್ಟು ನೆಕ್ಕಿ ಹೇಳುತ್ತಿದ್ದವನು. ಅಪ್ಪ, ಬಾಜಿ ಕಟ್ಟಿ ಒಂದು ಬುಟ್ಟಿ ಆಲೂಗಡ್ಡೆಯನ್ನು ಕೂತಲ್ಲೇ ಮುಗಿಸಿದವನು, ಐದು ಗಂಡುಮಕ್ಕಳ ತಂದೆ. ಅಂಥ ವಂಶದ ಕುಡಿ ಈಗ ಉಪ್ಪು, ಆಲೂಗಡ್ಡೆ, ಬಾಳೆಹಣ್ಣು, ಮಾಂಸ ಎಲ್ಲ ಬಿಟ್ಟು ಹಾಲು ಮೊಸರಿನಲ್ಲೇ ಜೀವ ಹಿಡಿದಿದ್ದಾನೆ. ಮೂರು ಗಂಡಾದ ಮೇಲೆ ಒಂದು ಹೆಣ್ಣಾಗಲೆಂದು, ಯಾವುದೋ ಪತ್ರಿಕೆಯಲ್ಲಿ ಓದಿ ಹಿಡಿದ ಪಥ್ಯವಿದು. "ಹೊರೋಳು ನಾನು, ಪಥ್ಯ ನಿಮಗ್ಯಾಕ್ರೀ?" ಎಂದು ಇನ್ನೂ ಬಸಿರಾಗದ ಹೆಂಡತಿ ನಕ್ಕರೆ, "ಗಂಡೋ ಹೆಣ್ಣೋ ಅನ್ನೋದು ಗಂಡಸಿನ ಕಡೆಯಿಂದ ಬರೋದಂತೆ ಕಣೇ. ತಪ್ಪು ನಂದು, ಪಥ್ಯಾನೂ ನಂದೇ" ಎನ್ನುತ್ತಾನೆ. ಅಡುಗೆಯ ರುಚಿ ನೋಡಿದರೆ ಮೂರು ಸಲ ಬಾಯಿ ಮುಕ್ಕಳಿಸುತ್ತಾನೆ. ಮಾಂಸ ಹುರಿಯುವಾಗ ಮೂಗು ಹಿಡಿದು ನಿಲ್ಲುತ್ತಾನೆ. ಸೊಂಟ ಸಣ್ಣಗಾಗಿ ಪ್ಯಾಂಟು ಹಗ್ಗದ ದಯೆಯಲ್ಲಿ ನಿಂತಿದೆ. ಬೇಳೆ ಬೇಯುವಷ್ಟು ಹೊತ್ತು ಮಾತ್ರ ಮೂಲೆಯಲ್ಲಿ ಕೂತು, ಟವೆಲಿನ ಅಂಚಿನ ದಾರಗಳನ್ನು ಮೂರು ಎಳೆ ಮಾಡಿ ಹೆಣೆಯುತ್ತಾನೆ, ಬಿಚ್ಚುತ್ತಾನೆ, ಮತ್ತೆ ಹೆಣೆಯುತ್ತಾನೆ. ಪಾತ್ರೆ ತೊಳೆಯುವ ಮುದುಕಿ ಒಮ್ಮೆ ಕಂಡು, "ಜಡೆ ಹೀಗಲ್ಲ ಕಣಪ್ಪ, ಕೊಡಿಲ್ಲಿ, ತೋರಿಸ್ತೀನಿ" ಎಂದಳು. ಅವನು ಟವೆಲನ್ನು ಮಡಿಲಿಗೆ ಎಳೆದುಕೊಂಡ. "ಬೇಡಮ್ಮ. ಅವಳು ಬಂದು ಕೂದಲು ಬೆಳೆಯೋಷ್ಟರಲ್ಲಿ ನಾನೇ ಕಲಿತಿರ್ತೀನಿ."