ಬೆಳ್ಳಗಿನ ಅಕ್ಕ ಕಳೆದುಹೋದದ್ದು

ಅಕ್ಕ ಹುಟ್ಟಿದಾಗ ಅಜ್ಜಿ ‘ಬೆಣ್ಣೆ ಮುದ್ದೆ’ ಅಂದಳಂತೆ. ಆಮೇಲೆ ತಂಗಿ ಹುಟ್ಟಿದಾಗ ತೊಟ್ಟಿಲೊಳಗೆ ಇಣುಕಿ, ‘ಇದೇನೇ ಇದು, ಒಲೆಯಿಂದ ತೆಗೆದ ಇದ್ದಿಲು!’ ಅಂದಳಂತೆ. ಅಜ್ಜಿ ತಮಾಷೆಗೇ ಅಂದಿರಬಹುದು, ಹೆಸರು ಮಾತ್ರ ಅಂಟಿಕೊಂಡೇಬಿಟ್ಟಿತು. ಅಕ್ಕ ಬೆಣ್ಣೆ, ತಂಗಿ ಇದ್ದಿಲು. ಮನೆಗೆ ಬಂದವರೆಲ್ಲ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ, “ಒಂದೇ ಹೊಟ್ಟೇಲಿ ಹುಟ್ಟಿದವರು ಅಂತ ಹೇಳೋಕೇ ಆಗಲ್ಲ ನೋಡಿ” ಎಂದು ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಬಿಸಿಲಿಗೆ ಬೆಣ್ಣೆ ಕರಗೀತೆಂದು ಅಂಗಡಿ, ಹಿಟ್ಟಿನ ಗಿರಣಿ, ಹೊರಗಿನ ಓಡಾಟವೆಲ್ಲ ಇದ್ದಿಲಿನ ಪಾಲಾಯಿತು. “ನೀನು ಇನ್ನೆಷ್ಟು ಕಪ್ಪಾಗ್ತೀಯ, ಹೋಗ್ಬಾ” ಅನ್ನುತ್ತಿದ್ದಳು ಅಮ್ಮ.

ಹೀಗೆ ಓಡಾಡಿ ರೂಢಿಯಾದ ತಂಗಿಯ ಕಾಲು ಒಂದೆಡೆ ನಿಲ್ಲಲಿಲ್ಲ. ವೆಲ್ಡಿಂಗ್ ಕೆಲಸದ ಗಂಡನ ಹಿಂದೆ ಸಮುದ್ರ ದಾಟಿ ಹೋದಳು. ಹೋದ ಊರಿನಲ್ಲಿ ಮೊದಲು ಆಫೀಸುಗಳ ನೆಲ ಒರೆಸಿದಳು, ಆಮೇಲೆ ಡ್ರೈವಿಂಗ್ ಕಲಿತು ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದಳು. ಹತ್ತುವ ಜನ ಅವಳನ್ನು ದಿನಕ್ಕೊಂದು ದೇಶದವಳನ್ನಾಗಿ ಮಾಡುತ್ತಿದ್ದರು. ಇವಳೂ ಯಾರಿಗೂ ಇಲ್ಲವೆನ್ನದೆ ತಲೆಯಾಡಿಸಿ, ಕೂತಲ್ಲೇ ಅರ್ಧ ಭೂಗೋಳ ಸುತ್ತಿ ಬಂದಳು. ಒಬ್ಬ ಮಾತ್ರ ಬಾಗಿಲಲ್ಲೇ ನಿಂತು, “ಎಲ್ಲಿಂದ ಬಂದ್ಯೋ ಅಲ್ಲಿಗೇ ಹೋಗು” ಅಂದ.

“ಬಂದಿದ್ದು ಡಿಪೋದಿಂದ, ಸಂಜೆ ಅಲ್ಲಿಗೇ ಹೋಗ್ತೀನಿ. ನೀವು ಕೂತ್ಕೊಳ್ಳಿ, ಬ್ರೇಕ್ ಹಾಕಿದ್ರೆ ಬೀಳ್ತೀರ” ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮನೆಗೆ ಬಂದು ಗಂಡನಿಗೆ ಹೇಳುವಾಗ ಮಾತ್ರ ಅವಳಿಗೆ ನಗು ಬರಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕನ ಮನಸ್ಸು ಹಗುರಾಗಲಿ ಎಂದು ತಂಗಿ ಅವಳನ್ನು ಕರೆಸಿಕೊಂಡಳು. ಅಕ್ಕ ಬಂದಳು, ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಗಳೂ ಬಂದವು. ಚಳಿಗೆ ನಡುಗಿ ಸೀರೆಯನ್ನು ಪೆಟ್ಟಿಗೆಗೆ ಸೇರಿಸಿ, ತಂಗಿಯ ಪ್ಯಾಂಟು, ನೀಲಿ ಕೋಟು ತೊಟ್ಟಳು. ಎರಡನೇ ದಿನವೇ ತಂಗಿಯ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು. ದಿನಾ ಬರುವ ಹೂವಿನಂಗಡಿಯವಳೊಬ್ಬಳು ಇಬ್ಬರನ್ನೂ ನೋಡಿ ಏನೋ ಕೇಳಿ, ನಗುತ್ತಾ ಹಿಂದಕ್ಕೆ ಹೋದಳು.

“ಏನಂದಳೇ?”

“ನಾವಿಬ್ಬರೂ ಅವಳಿ ಜವಳಿನಾ ಅಂತ.”

ಅಕ್ಕನ ಮುಖ ಸೊಟ್ಟಗಾಯಿತು. “ಅವಳಿಗೆ ಕಣ್ಣಿಲ್ವಾ? ನಾನೆಲ್ಲಿ, ನೀ...” ಎಂದು ಅಲ್ಲಿಗೇ ನಿಲ್ಲಿಸಿದಳು. ಸ್ಟೀರಿಂಗ್ ಹಿಡಿದ ತಂಗಿಗೆ, ಸುಳ್ಳು ಯಾಕೆ ಹೇಳಬೇಕು, ಹೊಟ್ಟೆಯೊಳಗೆ ಸಕ್ಕರೆ ಹಾಕಿದ ಹಾಗಾಯಿತು.

ಇದರ ಸಿಟ್ಟಿಗೋ ಏನೋ, ಮಾರನೇ ದಿನ ಅಕ್ಕ ಒಬ್ಬಳೇ ಹೊರಟಳು. ಮಧ್ಯಾಹ್ನವಾದರೂ ಬರಲಿಲ್ಲ. ಗಾಬರಿಬಿದ್ದ ಗಂಡ ಫೋನ್ ಮಾಡಿದಾಗ ತಂಗಿ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿದ್ದಳು. ತಕ್ಷಣ ವೈರ್‌ಲೆಸ್ಸಿನಲ್ಲಿ ಡಿಪೋಗೆ ತಿಳಿಸಿದಳು. ಅಲ್ಲಿನ ಮೇಲ್ವಿಚಾರಕ ಸಮಾಧಾನಿ.

“ಗಾಬರಿಯಾಗ್ಬೇಡಿ. ಹುಡುಕೋಣ. ನೋಡೋಕೆ ಹೇಗಿದ್ದಾರೆ?”

“ಬೆಳ್ಳಗಿದ್ದಾಳೆ ಸಾರ್. ತುಂಬಾ ಬೆಳ್ಳಗೆ. ನನ್ನ ಥರ ಅಲ್ಲವೇ ಅಲ್ಲ! ನೀಲಿ ಕೋಟು, ವಯಸ್ಸಾಗಿದೆ.”

ಊರಿನ ಬಸ್ಸುಗಳಿಗೆಲ್ಲ ಸುದ್ದಿ ಹೋಯಿತು. ಸ್ವಲ್ಪ ಹೊತ್ತಿಗೇ ಉತ್ತರವೂ ಬಂತು: ಸಿಕ್ಕಿದ್ದಾರೆ, ಡಿಪೋದಲ್ಲಿ ಚಹಾ ಕುಡಿಯುತ್ತಿದ್ದಾರೆ. ತಂಗಿ ಕಂಡ ದೇವರಿಗೆಲ್ಲ ಕೈಮುಗಿಯುತ್ತಾ ಬಸ್ಸು ತಿರುಗಿಸಿ ಬಂದಳು. ಮೇಲ್ವಿಚಾರಕನ ಕೋಣೆಯ ಬಾಗಿಲು ತಳ್ಳಿದರೆ, ಕುರ್ಚಿಯಲ್ಲಿ ನೀಲಿ ಕೋಟು ಹಾಕಿಕೊಂಡ ಆ ದೇಶದ ಬಿಳಿ ಮುದುಕಿಯೊಬ್ಬಳು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದಳು!

“ನನಗೆ ತಂಗಿಯೇ ಇಲ್ಲ ಅಂತ ಎಷ್ಟು ಹೇಳಿದ್ರೂ ಬಸ್ಸಿನವರು ಕೇಳಲಿಲ್ಲಮ್ಮ,” ಅಂದಳು ಮುದುಕಿ. “ಮರೆವಿನ ಕಾಯಿಲೆ ಇರಬೇಕು ಅಂದ್ಕೊಂಡ್ರು ಪಾಪ. ಮನೇಲೂ ಒಬ್ಬಳೇ. ಬಿಸಿ ಚಹಾ ಬೇರೆ ಕೊಡ್ತೀವಿ ಅಂದ್ರು, ಬಂದುಬಿಟ್ಟೆ.”

“ಇವರು ನಮ್ಮಕ್ಕ ಅಲ್ಲ ಸಾರ್!”

“ಇವರು ಅಲ್ವಾ? ನಿಮ್ಮ ಇನ್ನೊಬ್ಬ ಅಕ್ಕ ಹಿಂದುಗಡೆ ಬೆಂಚ್ ಮೇಲೆ ಕೂತಿದ್ದಾರಲ್ಲ,” ಅಂದ ಮೇಲ್ವಿಚಾರಕ. “ಆಗಲೇ ಬಂದ್ರು. ನಿದ್ದೆ ಮಾಡ್ತಾ ಡಿಪೋ ತನಕ ಬಂದಿದ್ರಂತೆ. ಮುಖ ನೋಡಿದ ಕೂಡಲೇ ಗೊತ್ತಾಯ್ತು, ಥೇಟ್ ನೀವೇ. ನಿಮಗೋಸ್ಕರ ಕಾಯ್ತಿದ್ದಾರೆ ಅಂತ ಕೂರಿಸಿದೆ. ಕಳೆದುಹೋದವರು ಬೇರೆ ಅಕ್ಕ, ಬೆಳ್ಳಗಿರೋರು ಅಂದ್ಕೊಂಡೆ!”

‘ತುಂಬಾ ಬೆಳ್ಳಗೆ’ ಎಂದು ತಾನೇ ಅಂದದ್ದು ತಂಗಿಗೆ ನೆನಪಾಯಿತು. ಹುಟ್ಟಿದಾಗಿನಿಂದ ತನ್ನನ್ನು ಅಳೆದ ಅಳತೆಗೋಲು ಅದು. ಅದನ್ನು ಮನೆಯಲ್ಲೇ ಬಿಟ್ಟು ಸಮುದ್ರ ದಾಟಿದೆ ಅಂದುಕೊಂಡಿದ್ದಳು. ನೋಡಿದರೆ ತನ್ನ ನಾಲಿಗೆಯ ಮೇಲೇ ಕೂತಿದೆ, ಅದೂ ಊರಿನ ಬಸ್ಸಿನವರಿಗೆಲ್ಲ ಕೇಳುವಂತೆ!

ಅಕ್ಕ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಸಿಡಿಯುತ್ತಾಳೆಂದುಕೊಂಡರೆ, ಎದ್ದು ಕಿಟಕಿಯಿಂದ ಒಳಗಿನ ಮುದುಕಿಯನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು.

“ಇವಳ ಮುಂದೆ ನಾನು ಎಲ್ಲಿಯ ಬೆಣ್ಣೆಯೇ?” ಎಂದು ಖಿಲ್ಲನೆ ನಕ್ಕಳು. ತಂಗಿಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಮುದುಕಿಯೂ ಯಾಕೆಂದು ತಿಳಿಯದೆ ನಕ್ಕಳು.

ಮನೆಗೆ ನಡೆದು ಹೋಗುವ ದಾರಿಯಲ್ಲಿ ಅಕ್ಕನ ದನಿ ಇಳಿಯಿತು. “ಬಸ್ಸಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು ಕಣೇ. ಜನ ನಿಂತ್ಕೊಂಡಿದ್ರು, ಯಾರೂ ಕೂರಲಿಲ್ಲ. ಮೈ ಏನಾದ್ರೂ ವಾಸನೆಯಾ ಅಂತ ಮೂಸಿ ನೋಡ್ಕೊಂಡೆ.”

“ಆಗುತ್ತೆ ಅಕ್ಕ, ಒಂದೊಂದು ದಿನ.”

“ಮನೇಲಿ ನಿನ್ನನ್ನ ನನ್ನ ಪಕ್ಕ ನಿಲ್ಲಿಸಿ ನೋಡೋರಲ್ಲ, ಆಗ ನಿಂಗೂ ಹೀಗೇ ಆಗ್ತಿತ್ತಾ?”

“ಆಗ್ತಿತ್ತು,” ಅಂದಳು ತಂಗಿ. ಅಕ್ಕ ಅವಳ ಕೋಟಿನ ತೋಳು ಹಿಡಿದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ.

ಅಕ್ಕ ಕ್ರೀಮು ಹಚ್ಚುವುದನ್ನೇನೂ ಬಿಡಲಿಲ್ಲ. ದುಡ್ಡು ಕೊಟ್ಟು ತಂದದ್ದು, ಎಸೆಯೋಕಾಗುತ್ತಾ ಅನ್ನುತ್ತಿದ್ದಳು. ಆದರೆ ಊರಿಗೆ ವಾಪಸು ಹೋದ ಮೇಲೆ ಅವಳಿಗೊಬ್ಬ ಮೊಮ್ಮಗಳು ಹುಟ್ಟಿದಳು. ನೋಡಲು ಬಂದ ಬೀಗಿತ್ತಿ, “ಮಗು ಲಕ್ಷಣವಾಗಿದೆ, ಬಣ್ಣ ಒಂದು ಸ್ವಲ್ಪ...” ಎಂದು ರಾಗ ಎಳೆದಳಂತೆ.

“ವಿಮಾನ ಹತ್ತಿ ಇಳಿದು ನೋಡಿ ಬೀಗರೇ, ಆಗ ನಾನು, ನೀವು, ಈ ಮಗು ಎಲ್ಲ ಒಂದೇ ಬಣ್ಣ!” ಅಂದಳಂತೆ ಅಕ್ಕ. ಇದನ್ನು ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಎಂಥ ಜಂಬವಿತ್ತೆಂದರೆ, ವಿಮಾನವನ್ನು ತಾನೇ ಓಡಿಸಿಕೊಂಡು ಬಂದ ಹಾಗಿತ್ತು.