ಗಂಗುಲಪ್ಪನ ಕೊನೆಯ ಗೆರೆ

ಮುನಿಯಲ್ಲಮ್ಮನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆಕೆಯನ್ನು ಕಷ್ಟಕ್ಕೆ ನೂಕಿದವನೇ ನಾನು. ಆದರೆ ಅವತ್ತು ಅಲ್ಲಿದ್ದವರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಉಳಿದರ್ಧ ಜನ ಬಾಯಿಗೆ ಬಂದಂತೆ ಕಥೆ ಕಟ್ಟುತ್ತಾರೆ. ಅದನ್ನು ಕೇಳಿ ಕೇಳಿ ನನಗೆ ಮೈ ಉರಿಯುತ್ತದೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಆಕೆ ಮಾಲೂರು ಪೇಟೆಯಲ್ಲಿ, ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ನಾನು ತಾಲ್ಲೂಕು ಕಚೇರಿಯಲ್ಲಿ ದಾಖಲೆ ನೋಡಿಕೊಳ್ಳುವ ಗುಮಾಸ್ತ. ಗೆದ್ದಲು ತಿಂದ ರಿಜಿಸ್ಟರುಗಳನ್ನು ಹೊತ್ತುಕೊಂಡು ಹೋಗಿ ಅವಳ ಜಗುಲಿಯ ಮೇಲೆ ಹಾಕಿ ಬರುವುದು ನನ್ನ ಕೆಲಸ. ಆಕೆಗೂ ಮೊದಲು ಆಕೆಯ ಗಂಡ ಗಂಗುಲಪ್ಪ ಇಪ್ಪತ್ತು ವರ್ಷ ರಟ್ಟು ಕಟ್ಟುವ ಕೆಲಸ ಮಾಡಿದ್ದ. ಅವನು ಸತ್ತದ್ದು ೧೯೩೭ರಲ್ಲಿ, ಕೆಲಸದ ಹಲಗೆಯ ಮೇಲೆಯೇ. ಕಬ್ಬಿಣದ ಪಟ್ಟಿ ಇಟ್ಟುಕೊಂಡು ಒಂದು ರಿಜಿಸ್ಟರಿನ ಅಂಚು ಕತ್ತರಿಸುತ್ತಿದ್ದಾಗ ಎದೆ ಹಿಡಿದುಕೊಂಡಿತು. ಪಟ್ಟಿ ಓರೆಯಾಗಿ ಸರಿಯಿತು, ಕತ್ತಿಯೂ ಅದನ್ನೇ ಹಿಡಿದು ಹಲಗೆಯ ಮೇಲೆ ಎರಡು ಗೇಣು ನೇರವಾಗಿ ಓಡಿ ನಿಂತಿತು.

ಅದು ಹಲಸಿನ ಹಲಗೆ, ನಾಲ್ಕು ಬೆರಳು ದಪ್ಪ. ಅದರ ಮೇಲೆ ಕತ್ತಿಯ ಗಾಯ ನೂರಾರು ಇದ್ದವು. ಆದರೆ ಆ ಒಂದು ಗೆರೆ ಮಾತ್ರ ಎಲ್ಲಕ್ಕಿಂತ ಆಳ. ಪಕ್ಕದ ಮನೆಯ ಬಡಗಿ ಆಂಜಿನಪ್ಪ ಎಷ್ಟೋ ಸಲ ಹೇಳಿದ್ದ, "ಅಕ್ಕಾ, ಒಂದು ಗಳಿಗೆ ಕೊಡು, ಉಜ್ಜುಗೊರಡು ಎಳೆದು ನುಣ್ಣಗೆ ಮಾಡಿಕೊಡ್ತೀನಿ" ಎಂದು. ಆಕೆ ಕೊಡಲಿಲ್ಲ. ಪ್ರತಿ ಆಯುಧಪೂಜೆಗೆ ಕತ್ತಿ, ದಬ್ಬಳ, ಪಟ್ಟಿಗಳನ್ನೆಲ್ಲ ಆ ಹಲಗೆಯ ಮೇಲೆ ಜೋಡಿಸಿ ಪೂಜೆ ಮಾಡುತ್ತಿದ್ದಳು. ಅರಿಶಿನ ಕಲಸಿ ಆ ಗೆರೆಯ ಉದ್ದಕ್ಕೂ ಬೆರಳಿನಿಂದ ತುಂಬುತ್ತಿದ್ದಳು. ತನ್ನ ಕೆನ್ನೆಗೆ ಹಚ್ಚಿಕೊಳ್ಳಲಾಗದ ಅರಿಶಿನವನ್ನು ಅವನ ಗೆರೆಗೆ ಹಚ್ಚುತ್ತಿದ್ದಳು. ಅದನ್ನು ಒಮ್ಮೆ ಕಣ್ಣಾರೆ ನೋಡಿ, ನೋಡದವನ ಹಾಗೆ ಹಿಂತಿರುಗಿದ್ದೆ.

ಗಂಡ ಹೋದ ಮೇಲೂ ಕೆಲಸ ನಡೆಯಿತು. ಆದರೆ ನಮ್ಮ ಪುಸ್ತಕದಲ್ಲಿ ಹೆಸರು ಮಾತ್ರ "ಗಂಗುಲಪ್ಪ, ಬೈಂಡರ್" ಎಂದೇ ಉಳಿಯಿತು. ತಿದ್ದುವ ಸೋಮಾರಿತನ ನನ್ನದು. ೧೯೪೧ರಲ್ಲಿ ಹೊಸ ಅಮಲ್ದಾರರು ಬಂದರು. ಸತ್ತವನ ಹೆಸರಿನಲ್ಲಿ ಒಬ್ಬ ಹೆಂಗಸು ಸರ್ಕಾರಿ ದಾಖಲೆ ಮುಟ್ಟುತ್ತಿದ್ದಾಳೆ ಎಂದು ತಿಳಿದು ಕಣ್ಣು ಕೆಂಪು ಮಾಡಿದರು. "ಇನ್ನು ಮೇಲೆ ಎಲ್ಲಾ ಬೆಂಗಳೂರಿಗೆ ಕಳಿಸಿ" ಎಂದರು. ನಾನು ಕೈಕಾಲು ಹಿಡಿದದ್ದಕ್ಕೆ ಕೊನೆಗೆ ಒಂದು ಮಾತು ಕೊಟ್ಟರು. ಲಕ್ಕೂರು ಕಡೆಯ ಎರಡು ಹಳ್ಳಿಗಳ ಕೆರೆ ವ್ಯಾಜ್ಯ ವಿಚಾರಣೆಗೆ ಬರಲಿತ್ತು. ಆ ಕೆರೆಯ ಹಳೆಯ ನಕ್ಷೆ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಅದನ್ನು ಬಟ್ಟೆಗೆ ಅಂಟಿಸಿ ಒಂದು ಮಾಡಿಕೊಟ್ಟರೆ ಕೆಲಸ ಆಕೆಗೆ, ಅದೂ ಆಕೆಯ ಹೆಸರಿನಲ್ಲೇ. ಕೆಟ್ಟರೆ ಆ ಬಾಗಿಲು ಮುಚ್ಚಿದ ಹಾಗೆ.

ಗಡಿಬಿಡಿಯಲ್ಲಿ ನಾನು ನಕ್ಷೆಯನ್ನು ಹೊರಗೆ ಕೊಟ್ಟದ್ದಕ್ಕೆ ಪುಸ್ತಕದಲ್ಲಿ ಒಂದು ಗೀಟೂ ಬರೆಯಲಿಲ್ಲ.

ನಕ್ಷೆ ಅಂಟಿಸುವುದು ರಿಜಿಸ್ಟರ್ ಹೊಲಿದ ಹಾಗಲ್ಲ. ಅದನ್ನು ಒದ್ದೆ ಮಾಡಿ, ಮುಖ ಕೆಳಗಾಗಿ ಮಲಗಿಸಿ, ಬೆನ್ನಿಗೆ ಅಂಟು ಸವರಿ ಮೇಲೆ ತೆಳ್ಳನೆಯ ಮಲ್ ಬಟ್ಟೆ ಎಳೆಯಬೇಕು. ಎರಡು ದಿನ ಹಾಗೆಯೇ ಒಣಗಬೇಕು. ಆದ್ದರಿಂದ ಅಡಿಯಲ್ಲಿ ಏನು ಹಾಸುತ್ತೀರಿ ಎಂಬುದೇ ಮುಖ್ಯ. ಅದು ಕಾಗದಕ್ಕೆ ಕಚ್ಚಿಕೊಳ್ಳಬಾರದು, ಬಣ್ಣ ಬಿಡಬಾರದು, ಆಮೇಲೆ ಅಂಚು ಕತ್ತರಿಸುವಾಗ ಕತ್ತಿಯ ಬಾಯಿಯನ್ನೂ ಕೆಡಿಸಬಾರದು.

ವಿಜಯದಶಮಿಯ ಮಧ್ಯಾಹ್ನ ನಾನು ಸತುವಿನ ತಗಡು ಒಂದು, ಮೇಣದ ಬಟ್ಟೆ ಒಂದು ಹಿಡಿದುಕೊಂಡು ಹೋದೆ. ಆಕೆ ಆಗಷ್ಟೇ ಪೂಜೆ ತೆಗೆದು, ಹಲಗೆಯನ್ನು ನೀರಿನಲ್ಲಿ ಉಜ್ಜಿ ಗೋಡೆಗೆ ಒರಗಿಸಿದ್ದಳು. ತಗಡಿನ ಮೇಲೆ ಉಗುರು ಗೀರಿ ನೋಡಿ, "ಇದ್ರ ಮೇಲೆ ಕತ್ತಿ ಇಟ್ರೆ ಎರಡು ಸಲಕ್ಕೆ ಮೊಂಡಾಗ್ತದೆ" ಎಂದಳು. ಮೇಣದ ಬಟ್ಟೆಯನ್ನು ಬೆಳಕಿಗೆ ಹಿಡಿದಳು. "ಮಡಿಕೆ ನೋಡಿ ಸ್ವಾಮಿ, ಹೆಂಗೈತೆ. ಈ ಮಡಿಕೆ ಎಲ್ಲಾ ನಕ್ಷೆ ಮೇಲೆ ಮೂಡ್ತದೆ." ಅಂಗಳದ ಕಲ್ಲು ಚಪ್ಪಡಿಯನ್ನು ಕಾಲಿನಲ್ಲೇ ತೋರಿಸಿ ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಕೇಳಿದಳು.

"ಕೋಲಾರದಾಗೆ ದಪ್ಪ ಗಾಜು ಸಿಗ್ತದಂತೆ. ನಾಳೆ ಮೋಟಾರಿಗೆ ಹೋಗಿ ತರ್ತೀನಿ. ಒಂದು ದಿನ ಕೊಡಿ ಸ್ವಾಮಿ."

"ಒಂದು ದಿನ ಎಲ್ಲಿಂದ ತರಲಮ್ಮಾ? ನಾಡಿದ್ದಲ್ಲ ಆಚೆ ನಾಡಿದ್ದು ವಿಚಾರಣೆ. ಒಣಗೋದು ಯಾವಾಗ? ಇಪ್ಪತ್ತು ವರ್ಷ ಈ ಹಲಗೆ ಮೇಲೆ ಆಗದೇ ಇರೋದು ಇವತ್ತೇನಾಯ್ತು? ಹಾಕು ಇದರ ಮೇಲೇ!"

ಹೀಗೆ ಅಂದವನು ನಾನು. ನನ್ನ ನಾಲಿಗೆಯನ್ನು ಆವತ್ತು ಯಾರಾದರೂ ಕಿತ್ತಿದ್ದರೆ ಚೆನ್ನಾಗಿತ್ತು.

ಆಕೆ ಎರಡು ಸಲ ಹಲಗೆಯ ಮೇಲೆ ಅಂಗೈ ಆಡಿಸಿದಳು. ಒಣಗಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಜೇನುಮೇಣ ತೆಗೆದುಕೊಂಡು ತೆಳುವಾಗಿ ಸವರಿದಳು, ನಕ್ಷೆಯನ್ನು ಮಲಗಿಸಿದಳು. ನಾಲ್ಕು ತುಂಡುಗಳನ್ನು ಕೂದಲೆಳೆಯಷ್ಟೂ ಬಿಡದೆ ಸೇರಿಸಿದ ಆ ಬೆರಳುಗಳನ್ನು ನೋಡುತ್ತಾ ಗೆದ್ದೆವು ಎಂದುಕೊಂಡೆ.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಹೋದಾಗ ಆಕೆ ಬಾಗಿಲಲ್ಲೇ ಕುಳಿತಿದ್ದಳು. ಒಲೆ ಹಚ್ಚಿರಲಿಲ್ಲ. ಒಳಗೆ ಕರೆದು ನಕ್ಷೆ ತೋರಿಸಿದಳು. ಎಲ್ಲಾ ಚೆನ್ನಾಗಿ ಕೂತಿತ್ತು. ಆದರೆ ಮೇಲಿನ ಅಂಚಿನಿಂದ ಓರೆಯಾಗಿ ಇಳಿದು, ಕೆರೆಯನ್ನು ಸೀಳಿಕೊಂಡು, ಏರಿಯ ತನಕ ಒಂದು ಹಳದಿ ಗೆರೆ ಮೂಡಿತ್ತು. ಉಜ್ಜಿದಾಗ ಮೇಲಿನ ಅರಿಶಿನ ಹೋಗಿತ್ತು, ಆಳದ್ದು ಗೆರೆಯೊಳಗೇ ಉಳಿದು, ಒದ್ದೆ ಕಾಗದ ಅದನ್ನು ಹೀರಿಕೊಂಡಿತ್ತು.

ಆ ನಕ್ಷೆಯಲ್ಲಿ ಎರಡು ಹಳ್ಳಿಗಳ ಎಲ್ಲೆಯನ್ನು ತೋರಿಸಿದ್ದದ್ದೇ ಹಳದಿ ಗೆರೆಯಿಂದ. ವ್ಯಾಜ್ಯ ಇದ್ದದ್ದು ಕೆರೆಯ ತೂಬು ಯಾರ ಕಡೆಗೆ ಎಂಬುದಕ್ಕೆ. ಈ ಹೊಸ ಗೆರೆಯ ಪ್ರಕಾರ ತೂಬು ನೆಟ್ಟಗೆ ಕೆಳಗಿನ ಹಳ್ಳಿಗೆ ಸೇರುತ್ತಿತ್ತು. ದಾಖಲೆ ತಿದ್ದಿದ್ದಾರೆ ಎಂದು ಯಾರಾದರೂ ಬಾಯಿಬಿಟ್ಟರೆ ಆಕೆಗೆ ಜೈಲು, ಲೆಕ್ಕಕ್ಕೆ ಬರೆಯದೆ ಕೊಟ್ಟ ನನಗೂ ಅದೇ ಗತಿ.

"ಸೋಪು ಹಾಕು" ಎಂದೆ.

"ಸೋಪು ತಾಕಿದ್ರೆ ಕೆಂಪಗಾಗ್ತದೆ."

"ಬಿಸಿಲಿಗಿಡು. ಅರಿಶಿನ ಬಿಸಿಲಿಗೆ ಹಾರಿಹೋಗುತ್ತೆ ಅಂತ ನಮ್ಮ ಮನೇಲೂ ಗೊತ್ತು."

"ಕೆರೆ ಬಣ್ಣಾನೂ ಹಾರ್ತದೆ. ಆಮ್ಯಾಕೆ ಕೆರೇನೇ ಇರಲ್ಲ." ಆಕೆ ನಕ್ಷೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟಳು. "ನಾಳೆ ನಾನೇ ಬಂದು ಹೇಳ್ತೀನಿ. ಹಲಗೇನೂ ತರ್ತೀನಿ."

"ಹುಚ್ಚು ಹಿಡಿದಿದೆಯಾ ನಿನಗೆ? ಅಷ್ಟು ಜನ ಗಂಡಸರ ಮುಂದೆ, ಆಯುಧಪೂಜೆ, ಅರಿಶಿನ ಅಂತ... ಏನಂತಾರೆ?"

"ಏನಂತಾರೋ ಅಂತಾರೆ. ಸುಮ್ನಿದ್ರೆ ಕಳ್ಳಿ ಅಂತಾರೆ."

ಆ ಸಂಜೆಯೆಲ್ಲ ನಾನು ಜ್ವರ ಬಂದಿದೆ ಎಂದು ರಜೆ ಹಾಕುವ ಅರ್ಜಿಯನ್ನು ಬರೆದು ಹರಿದೆ, ಬರೆದು ಹರಿದೆ. ಕೊನೆಗೆ ಹೋದದ್ದು ಧೈರ್ಯದಿಂದಲ್ಲ, ಹೋಗದಿದ್ದರೆ ಇನ್ನೂ ಅನುಮಾನ ಬರುತ್ತದೆ ಎಂಬ ಹೆದರಿಕೆಯಿಂದ.

ಕಚೇರಿಯ ಮುಂದೆ ಎರಡು ಹಳ್ಳಿಯ ಗಾಡಿಗಳು ನಿಂತಿದ್ದವು. ಅಮಲ್ದಾರರು ನಕ್ಷೆ ಬಿಚ್ಚಿ ಮೇಜಿನ ಮೇಲೆ ಹರಡಿದ್ದೇ ತಡ, ಕೆಳಗಿನ ಹಳ್ಳಿಯ ಪಟೇಲ ಚನ್ನರಾಯಪ್ಪ ಮುಂದೆ ಬಗ್ಗಿ ನೋಡಿದ. ಮುಖ ಅರಳಿತು. "ಇದೇ ಸ್ವಾಮಿ! ನಮ್ಮಜ್ಜ ಸಾಯೋ ತನಕ ಹೇಳ್ತಿದ್ದ ಎಲ್ಲೆ ಇದೇನೇ!" ಎಂದು ಕೈಮುಗಿದೇಬಿಟ್ಟ. ಮೂರು ದಿನದ ಗೆರೆಗೆ ಅವನ ಅಜ್ಜ ಸಾಕ್ಷಿ! ಮೇಲಿನ ಹಳ್ಳಿಯವರು ಎದ್ದು ಕೂಗಾಡಿದರು. "ಮೋಸ! ರಟ್ಟು ಕಟ್ಟೋ ಹೆಂಗಸಿಗೆ ಏನು ತಿನ್ನಿಸಿದ್ರೋ, ಯಾವನಿಗೆ ಗೊತ್ತು!"

ಅಮಲ್ದಾರರು ನನ್ನ ಕಡೆ ತಿರುಗಿದರು. ನಾನು ಕೈಯಲ್ಲಿದ್ದ ಕಡತ ತಿರುವತೊಡಗಿದೆ.

ಆಗ ಮುನಿಯಲ್ಲಮ್ಮ ಬಾಗಿಲಿನಿಂದ ಒಳಗೆ ಬಂದಳು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಹಲಗೆ. ಆಂಜಿನಪ್ಪ ಹಿಂದಿನಿಂದ ಹಿಡಿದು ಇಳಿಸಿದ.

"ಆ ಗೆರೆ ಸರ್ಕಾರದ್ದಲ್ಲ ಸ್ವಾಮಿ, ಇವರಜ್ಜಂದೂ ಅಲ್ಲ. ನಂದು" ಎಂದಳು. "ಅರಿಶಿನ ಅದು."

ಆಕೆ ಹಲಗೆಯನ್ನು ತೋರಿಸಿದಳು. ನಕ್ಷೆಯ ಸುತ್ತ ಒಸರಿದ್ದ ಅಂಟು ಒಣಗಿ ಅದರ ಮೇಲೆ ಚೌಕಟ್ಟಿನಂತೆ ಗುರುತು ಬಿದ್ದಿತ್ತು. ನಕ್ಷೆಯನ್ನು ಮುಖ ಕೆಳಗೆ ಮಾಡಿ ಆ ಚೌಕಟ್ಟಿನಲ್ಲಿ ಕೂರಿಸಿ, ಒಂದು ಮೂಲೆ ಎತ್ತಿ ಅಮಲ್ದಾರರಿಗೆ ತೋರಿಸಿದಳು. ಕಾಗದದ ಗೆರೆ ಮರದ ಗೆರೆಗೆ ಸರಿಯಾಗಿ ಕೂತಿತ್ತು.

ಚನ್ನರಾಯಪ್ಪನಿಗೆ ತೂಬು ಕೈಬಿಟ್ಟು ಹೋಗುತ್ತಿತ್ತು. "ಇದೇಮಿ ಕಥ, ಏನು ಕತೆ ಸ್ವಾಮಿ ಇದು! ಮುಂಡೆ ಆದೋಳು ಅರಿಶಿನ ಯಾಕೆ ಮುಟ್ಟಿದ್ಳು? ಹೇಳಿಕೊಟ್ಟ ಸುಳ್ಳು ಇದು!" ಎಂದ.

ನನಗೆ ಅವನ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಆದರೆ ಕೂತಲ್ಲಿಂದ ಏಳಲಿಲ್ಲ. ಆಕೆಯ ಮುಖ ಒಮ್ಮೆ ಕಪ್ಪಿಟ್ಟಿತು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಆಮೇಲೆ ಅದನ್ನೇ ಹಿಂದಕ್ಕೆ ಸರಿಸಿ ತಲೆಯೆತ್ತಿದಳು.

"ಮುಂಡೆ ಆಗಿರೋದು ನಾನು. ಹಲಗೆ ಅಲ್ಲ. ನನ್ ಗಂಡ ಈ ಗೆರೆ ಎಳೆದೇ ಸತ್ತ. ಅದಕ್ಕೆ ವರ್ಷಕ್ಕೊಂದ್ಸಲ ಅರಿಶಿನ ಹಚ್ತೀನಿ. ಇನ್ನೂ ಸುಳ್ಳು ಅನ್ನೋದಾದ್ರೆ ನಿಮ್ ಸಂಚಿಯಾಗೆ ಇರೋ ಸುಣ್ಣ ಕೊಡಿ ಗೌಡ್ರೇ."

ಅಮಲ್ದಾರರು ಕಣ್ಣಿನಲ್ಲೇ ಸನ್ನೆ ಮಾಡಿದರು. ಚನ್ನರಾಯಪ್ಪ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆಯಲೇಬೇಕಾಯಿತು. ಗೆರೆಯ ತುದಿ ನಕ್ಷೆಯ ಏನೂ ಬರೆಯದ ಅಂಚಿಗೂ ಚಾಚಿತ್ತಲ್ಲ, ಅಲ್ಲಿ ಆಕೆ ಕಿರುಬೆರಳಿನಿಂದ ಒಂದು ಚುಕ್ಕೆ ಸುಣ್ಣ ಮುಟ್ಟಿಸಿದಳು. ಹಳದಿ ಕೆಂಪಾಯಿತು. ಹಳೆಯ ಎಲ್ಲೆಯ ಗೆರೆ ಅಂಚನ್ನು ಮುಟ್ಟುವ ಕಡೆಯೂ ಒಂದು ಚುಕ್ಕೆ ಇಟ್ಟಳು. ಅದು ಹಳದಿಯಾಗಿಯೇ ಉಳಿಯಿತು.

ಮೇಲಿನ ಹಳ್ಳಿಯ ಮುದುಕನೊಬ್ಬ, "ತಪ್ಪಾಯ್ತು ಕಣಮ್ಮಾ" ಎಂದ. ಚನ್ನರಾಯಪ್ಪ ಸುಣ್ಣದ ಡಬ್ಬಿ ಎತ್ತಿ ಸಂಚಿಗೆ ಹಾಕಿಕೊಂಡ.

"ಇಷ್ಟು ಆತುರ ಯಾಕೆ ಮಾಡಿದೆ? ಬೇರೆ ಏನಾದರೂ ಹಾಸಬಾರದಿತ್ತೇ?" ಎಂದು ಅಮಲ್ದಾರರು ಆಕೆಯನ್ನು ಕೇಳಿದರು.

ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಆರಿಸಿಕೊಂಡೋಳು ನಾನೇ ಸ್ವಾಮಿ. ತಪ್ಪು ನಂದೇ" ಎಂದಳು. ನಾನು ಆಗಲೂ ಬಾಯಿ ಬಿಡಲಿಲ್ಲ. ಆ ನಾಚಿಕೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅಮಲ್ದಾರರು ನಕ್ಷೆಯ ಹಿಂದೆ ನಡೆದದ್ದನ್ನೆಲ್ಲ ಬರೆದು ರುಜು ಹಾಕಿದರು. ಕೆಲಸ ಆಕೆಗೇ ಇರಲಿ, ಆಕೆಯ ಹೆಸರಿನಲ್ಲೇ ಇರಲಿ ಎಂದರು. ಲೆಕ್ಕಕ್ಕೆ ಬರೆಯದೆ ನಕ್ಷೆ ಕೊಟ್ಟದ್ದಕ್ಕೆ ನನ್ನನ್ನು ಶ್ರೀನಿವಾಸಪುರಕ್ಕೆ ಎತ್ತಿ ಹಾಕಿದರು, ಅದು ಕಡಿಮೆಯೇ ಆಯಿತು. ಕೊನೆಗೆ ಇನ್ನೊಂದು ಮಾತು ಹೇಳಿದರು: ವ್ಯಾಜ್ಯ ಮುಗಿಯುವ ತನಕ ಹಲಗೆಯೂ ದಾಖಲೆಯೇ, ಅದು ಕಚೇರಿಯಲ್ಲಿರಬೇಕು.

ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಹೆಂಗಸು ಆಗ ಅತ್ತಳು. "ಅದೊಂದು ಬೇಡ ಸ್ವಾಮಿ" ಎಂದು ಒಂದೇ ಒಂದು ಸಲ ಕೇಳಿದಳು. ಜವಾನ ಹಲಗೆಗೆ ಚೀಟಿ ಕಟ್ಟಿದ. ಆಕೆ ಖಾಲಿ ಸಿಂಬೆ ಹಿಡಿದುಕೊಂಡು ಹೋದಳು.

ಮೂರು ವರ್ಷದ ಮೇಲೆ ನಾನು ಮಾಲೂರಿಗೆ ವಾಪಸು ಬಂದಾಗ, ಆಕೆ ಹೊಸ ಮಾವಿನ ಹಲಗೆ ಇಟ್ಟುಕೊಂಡಿದ್ದಳು. ಅದರ ಮೇಲೆ ಹಾಸಲು ಹಳೆಯ ರಿಜಿಸ್ಟರುಗಳ ರಟ್ಟು. ಕತ್ತಿ ತಾಗಿ ಗಾಯವಾದ ರಟ್ಟನ್ನು ಒಲೆಗೆ ಹಾಕಿ ಇನ್ನೊಂದು ಹಾಸುತ್ತಿದ್ದಳು. "ಕಳಕೊಂಡ್ರೆ ಹೊಟ್ಟೆ ಉರೀಬಾರ್ದು, ಅಂಥದ್ದೇ ಅಡೀಗೆ ಹಾಕ್ಬೇಕು ಸ್ವಾಮಿ" ಎಂದಳು. ಅವತ್ತು ಆಕೆಯ ಜಗುಲಿಯಲ್ಲಿ ಕುಳಿತು ಗಾಜಿನ ವಿಷಯದಲ್ಲಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಆಕೆ "ಕಾಪಿ ಕುಡೀತೀರಾ?" ಎಂದಳು, ಅಷ್ಟೇ.

ವ್ಯಾಜ್ಯ ನಲವತ್ತಾರರಲ್ಲಿ ಮುಗಿಯಿತು. ಹಲಗೆಯನ್ನು ನಾನೇ ಗಾಡಿಯಲ್ಲಿ ಹಾಕಿಕೊಂಡು ಹೋದೆ. ಚೀಟಿ ಬಿಚ್ಚಿ, ಆಕೆ ಗೆರೆಯ ಮೇಲೆ ಬೆರಳು ಆಡಿಸಿದಳು, ಈ ತುದಿಯಿಂದ ಆ ತುದಿಗೆ. ಆಮೇಲೆ ಆಂಜಿನಪ್ಪನನ್ನು ಕರೆದು, "ಉಜ್ಜುಗೊರಡು ತಗಂಬಾ" ಎಂದಳು.

ಆಂಜಿನಪ್ಪ ಬೆಪ್ಪಾದ. "ಅಕ್ಕಾ, ಮಗ್ಗುಲು ತಿರುವಿ ಹಾಕಿದ್ರೆ ಸಾಕು. ಗೆರೆ ಅಡೀಗೆ ಇರ್ತದೆ."

"ಅಡೀಗಿದ್ರೂ ಅದು ನನ್ ಕೈ ಎಳೀತದೆ. ಕೆಲ್ಸದ ಹಲಗೆ ಇದು. ಎಳಿ."

ಅವನು ಎಳೆದ. ಮರದ ಸುರುಳಿ ಬಿದ್ದವು. ಚಿಕ್ಕ ಗಾಯಗಳೆಲ್ಲ ಬೇಗ ಹೋದವು. ಆ ಗೆರೆ ಸಣ್ಣಗಾಗುತ್ತಾ, ತಳದ ಹಳದಿ ಕಾಣಿಸಿತು. ಆಂಜಿನಪ್ಪ ಕೈ ನಿಲ್ಲಿಸಿ ಆಕೆಯ ಮುಖ ನೋಡಿದ. ಆಕೆ ಕಣ್ಣು ಒರೆಸಿಕೊಂಡು, "ಇನ್ನೊಂದ್ಸಲ ಎಳಿ" ಎಂದಳು. ಹಳದಿ ಸುರುಳಿ ಒಂದು ಎದ್ದು ಬಂತು. ಹಲಗೆ ಹೊಸದಾಯಿತು.

ಅದರ ಮೇಲೆ ಅಂಗೈ ಆಡಿಸಿದಳು. ಆಮೇಲೆ ನಾನು ತಂದಿದ್ದ ರಿಜಿಸ್ಟರನ್ನು ಕೈಗೆತ್ತಿಕೊಂಡಳು. ಕತ್ತಿ ಹಿಡಿಯುವ ಮೊದಲು ಹಲಗೆಯ ಮೇಲೆ ಒಂದು ರಟ್ಟು ಹಾಸಿದಳು.

"ಈಗ ನುಣ್ಣಗಿದೆಯಲ್ಲಮ್ಮಾ, ಇನ್ನು ರಟ್ಟು ಯಾಕೆ?" ಎಂದೆ.

"ಅವನ ಗೆರೆ ಇದ್ದ ಜಾಗ್ದಾಗೆ ನನ್ ಗೆರೆ ಬೀಳ್ಬಾರ್ದು ಸ್ವಾಮಿ" ಎಂದು ಕತ್ತಿ ಎತ್ತಿಕೊಂಡಳು.