ಮದರಾಸಿಗೆ ಹೋಗಿ ಬಂದ ಡ್ರಿಲ್ ಮಾಸ್ತರರು

ಕ್ರಿಕೆಟ್ ಆಟದ ಸೂಕ್ಷ್ಮಗಳು ನನಗೆ ಪೂರ್ತಿಯಾಗಿ ತಿಳಿದಿಲ್ಲ. ಈ ಬರಹದಲ್ಲಿ ತಪ್ಪು ನುಸುಳಿದ್ದರೆ ಅದು ನನ್ನದು, ನಮ್ಮ ಡ್ರಿಲ್ ಮಾಸ್ತರರದ್ದಲ್ಲ, ಓದುವವರು ಮನ್ನಿಸಬೇಕು.

ಅವರ ಅಂಗಾಲುಗಳು ಮೊದಲು ನೆನಪಾಗುತ್ತವೆ. ಉಪ್ಪಿನಂಗಡಿಯ ಶಾಲೆಯ ಮೈದಾನದಲ್ಲಿ ತೆಂಗಿನ ನಾರಿನ ಚಾಪೆ ಹಾಸಿ ಆಡುತ್ತಿದ್ದ ಕಾಲ ಅದು. ಚಾಪೆಯ ಅಂಚಿಗೆ ಮೊಳೆ ಹೊಡೆದ ಮೇಲೆ ಅವರು ಬರಿಗಾಲಿನಲ್ಲಿ ಆ ತುದಿಯಿಂದ ಈ ತುದಿಯವರೆಗೆ ನಡೆಯುತ್ತಿದ್ದರು. ಎದ್ದ ಮೊಳೆ ಕಾಲಿಗೆ ತಾಗಿದರೆ ಬಗ್ಗಿ ಕಲ್ಲಿನಿಂದ ಬಡಿಯುತ್ತಿದ್ದರು. ಪಾದಗಳ ತುಂಬ ಕಪ್ಪು ಚುಕ್ಕೆಗಳಿದ್ದವು.

ಅವರು ವೇಗದ ಬೌಲರ್. ನಮ್ಮ ಜಿಲ್ಲೆ ಮದರಾಸು ರಾಜ್ಯದಲ್ಲಿದ್ದಾಗ, ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿಯ ತಂಡದ ಆಯ್ಕೆಗೆ ಬರುವಂತೆ ಅಲ್ಲಿಂದ ಅವರಿಗೆ ಕಾಗದ ಬಂದಿತ್ತು. ಆಯ್ಕೆಯ ದಿನ ಬರುವಷ್ಟರಲ್ಲಿ ರಾಜ್ಯಗಳ ಮರುವಿಂಗಡಣೆಯಾಗಿ ನಾವು ಮೈಸೂರಿಗೆ ಸೇರಿದ್ದೆವು. ಅದಕ್ಕೂ ಚೆಂಡಿಗೂ ಸಂಬಂಧವಿದೆಯೆಂದು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಸದಾಗಿ ಹೊಲಿಸಿದ ಬಿಳಿ ಪ್ಯಾಂಟು ಮಡಚಿಕೊಂಡು ಅವರು ಮಂಗಳೂರಿನಿಂದ ರೈಲು ಹತ್ತಿದರು. ಐದನೆಯ ದಿನ ಹಿಂದಿರುಗಿದಾಗ ಆ ಮಡಿಕೆ ಬಿಚ್ಚಿರಲಿಲ್ಲ.

ನನ್ನ ತಂದೆ ಊರಿನ ಹೊಳೆಯ ಕಡವಿನಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಿದ್ದರು. ಮಾಸ್ತರರೂ ನಾನೂ ಅದೇ ದೋಣಿಯಲ್ಲಿ ಶಾಲೆಗೆ ಹೋಗುತ್ತಿದ್ದೆವು.

“ಎಂತಾಯ್ತು ಮಾಸ್ಟ್ರೇ, ಬಾಲು ಹಾಕಿದ್ರಾ?” ಎಂದು ಮರುದಿನ ದೋಣಿಯಲ್ಲಿ ತಂದೆ ಕೇಳಿದರು.

“ಎಲ್ಲಿ ಹಾಕುದು? ನೀನು ಈಗ ಮೈಸೂರಿನವ ಅಂದ್ರು, ಮೇಜಿನ ಹತ್ರ ಕೂತವರು. ನಾನು ಉಪ್ಪಿನಂಗಡಿಯವ ಅಂದೆ.”

“ಮತ್ತೆ?”

“ಮತ್ತೆಂತ, ನಗಾಡಿದ್ರು. ಚಹಾ ಕೊಟ್ರು. ಮೊದ್ಲೇ ಬರೆದು ಕೇಳಿ ಹೋಗ್ಬೇಕಿತ್ತು, ಮಾರಾಯ.”

ಮಾಸ್ತರರು ಮೈಸೂರು ತಂಡಕ್ಕಾಗಿ ಬೆಂಗಳೂರಿಗೆ ಬರೆದರು, ಆದರೆ ಆ ವರ್ಷದ ಆಯ್ಕೆ ಮುಗಿದಿತ್ತು. ಮರುವರ್ಷ ಮೊಣಕಾಲು ಬಾತು ಓಡಲಾಗದಂತಾಯಿತು. ಆಮೇಲೆ ಮೈಸೂರು ತಂಡದ ಪಂದ್ಯಗಳ ಸುದ್ದಿಯನ್ನು ಪತ್ರಿಕೆಯಲ್ಲಿ ನಿಂತೇ ಓದಿ, ಮಡಚಿಟ್ಟು, ಚಾಪೆ ಹಾಸಲು ಹೋಗುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಮಂಗಳೂರಿನ ಕಾಲೇಜಿಗೆ ಅರ್ಜಿ ಸಿದ್ಧಪಡಿಸಿದೆ. ಬಡ ಮಕ್ಕಳಿಗಿದ್ದ ಶುಲ್ಕ ವಿನಾಯಿತಿ ಸಿಗದಿದ್ದರೆ ನಾನೂ ದೋಣಿಗೆ ಇಳಿಯಬೇಕಿತ್ತು. ಮಾಸ್ತರರು ಆದಾಯದ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ನಡೀತದಾ ಅಂತ ಕೇಳಿದ್ದಿಯಾ?”

“ಇಲ್ಲ ಸರ್. ಸೀಲು ಉಂಟಲ್ಲ.”

“ನನ್ನ ಕಾಗದಕ್ಕೂ ಸೀಲು ಇತ್ತು.”

ಮರುದಿನ ಆ ಮೊಣಕಾಲಿನಲ್ಲೇ ಮೊದಲ ಬಸ್ಸಿಗೆ ಮಂಗಳೂರಿಗೆ ಹೋದರು. ಸಂಜೆ ಬಂದು, ನಾನು ಪಡೆದಿದ್ದ ಸರ್ಟಿಫಿಕೇಟು ಹಳೆಯ ನಮೂನೆಯದು, ಹೊಸತನ್ನು ಪುತ್ತೂರಿನ ತಾಲೂಕು ಕಚೇರಿಯಿಂದ ತರಬೇಕು ಎಂದರು. ಅರ್ಜಿ ಕೊಡಲು ಮೂರೇ ದಿನ ಉಳಿದಿತ್ತು. ಮೊದಲ ಎರಡು ದಿನವೂ ಅವರು ನನ್ನೊಂದಿಗೆ ಆ ಕಚೇರಿಯ ಜಗಲಿಯಲ್ಲಿ ಕಾದರು. ಬೆಂಚಿನಲ್ಲಿ ಜಾಗವಿದ್ದರೂ ಕೂರಲಿಲ್ಲ. ಕೂತರೆ ಏಳುವುದು ಕಷ್ಟ ಎಂದರು. ಮೂರನೆಯ ದಿನ ಅರ್ಜಿ ಕೊಟ್ಟೆ, ವಿನಾಯಿತಿ ಸಿಕ್ಕಿತು.

ನನ್ನ ಬಿ.ಎ. ಕೊನೆಯ ಪರೀಕ್ಷೆಯ ವಾರದಲ್ಲಿ ಅವರು ತೀರಿಕೊಂಡರು. ನಾನು ಹೋಗಲಿಲ್ಲ. ಪರೀಕ್ಷೆ ಬಿಟ್ಟು ಬಂದಿದ್ದರೆ ಅವರೇ ಬೈಯುತ್ತಿದ್ದರು ಎಂದು ತಂದೆ ಹೇಳಿದರು. ಅದು ನಿಜವಿರಬಹುದು. ಆದರೂ ಮನಸ್ಸು ಒಪ್ಪುವುದಿಲ್ಲ.

ನನಗೆ ನೌಕರಿ ಸಿಕ್ಕಿದ ಮೇಲೆ ತಂದೆ ದೋಣಿ ಬಿಟ್ಟರು. ತಂಗಿಯರಿಬ್ಬರೂ ಹೈಸ್ಕೂಲು ಮುಗಿಸಿದರು. ದೊಡ್ಡವಳು ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕುವ ಮುನ್ನ ನಾನು ಒಂದು ದಿನ ರಜೆ ಹಾಕಿ ಮಂಗಳೂರಿಗೆ ಹೋಗಿ, ಮೇಜಿನ ಮುಂದೆ ನಿಂತು, ಅವಳ ಕಾಗದಗಳು ನಡೆಯುತ್ತವೆಯೇ ಎಂದು ಕೇಳಿಕೊಂಡು ಬಂದೆ.